ತಣ್ಣಗಿದ್ದ ಪಾದ

ಯಾರ ಮೈಮೇಲೆ ಗಾಯ ಕಂಡರೂ ನನ್ನ ಅಮ್ಮ ಮೊದಲು ಕೇಳುತ್ತಿದ್ದದ್ದು ನೋವಿದೆಯೇ ಎಂದಲ್ಲ. ಕೈ ಮಗುಚಿ, ಅದರ ಹಿಂಬದಿಯನ್ನು ಗಾಯದ ಪಕ್ಕ ಇಟ್ಟು ಬಿಸಿಯಿದೆಯೇ ಎಂದು ನೋಡುತ್ತಿದ್ದಳು. ಬಿಸಿಯಿದ್ದರೆ ನಂಜು. ನಂಜಾದರೆ ಬದನೆಕಾಯಿ ಇಲ್ಲ, ಹಲಸು ಇಲ್ಲ, ಕುಂಬಳವೂ ಇಲ್ಲ. ಕೊಪ್ಪದ ನಮ್ಮ ಕೇರಿಯಲ್ಲಿ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ನಾನು ಬಾಯಿ ಜೋರಿನವಳು. ಬದನೆಕಾಯಿ ಎಣ್ಣೆಗಾಯಿ ಮಾಡಿದ ದಿನವೇ ಬೆರಳು ಕೊಯ್ದುಕೊಂಡು ಜಗಳ ತೆಗೆಯುತ್ತಿದ್ದೆ.

ಅಕ್ಕ ಹಾಗಲ್ಲ, ಹೇಳಿದ ಪಥ್ಯವನ್ನೆಲ್ಲ ಮಾಡುವವಳು. ಬಸರೀಕಟ್ಟೆಯ ತೋಟವೊಂದರಲ್ಲಿ ಕಾಫಿ ಕೊಯ್ಯುತ್ತಿದ್ದಳು. ಸಂಧಿವಾತದಿಂದ ಬೆರಳ ಗಂಟುಗಳು ಬಾತು, ಬೆಳಿಗ್ಗೆ ಲೋಟ ಹಿಡಿಯಲೂ ಆಗದಂತಾದಾಗ ಡಾಕ್ಟರು ಸಣ್ಣ ಬಿಳಿ ಮಾತ್ರೆ ಬರೆದುಕೊಟ್ಟರು. ಸ್ಟಿರಾಯ್ಡ್. ಸ್ವಲ್ಪ ದಿನಕ್ಕೆ ಮಾತ್ರ, ಮತ್ತೆ ಬಂದು ತೋರಿಸಿ ಎಂದಿದ್ದರು. ಮಾತ್ರೆ ಕೈಹಿಡಿಯಿತು. ಬಾವು ಇಳಿದು ಅಕ್ಕ ಮತ್ತೆ ರೊಟ್ಟಿ ತಟ್ಟಿದಳು. ಆಮೇಲೆ ಡಾಕ್ಟರ ಬಳಿ ಹೋಗುವವರು ಯಾರು? ಔಷಧಿ ಅಂಗಡಿಯಲ್ಲಿ ಖಾಲಿ ಸ್ಟ್ರಿಪ್ ತೋರಿಸಿ ಅದನ್ನೇ ಕೊಂಡು ವರ್ಷಗಟ್ಟಲೆ ನುಂಗಿದಳು.

ಕೊಯ್ಲು ಮುಗಿಯುತ್ತ ಬಂದಾಗ ಒಣ ಬಿದಿರಿನ ಸೀಳೊಂದು ಅವಳ ಪಾದಕ್ಕೆ ಆಳವಾಗಿ ಚುಚ್ಚಿತು. ಆರೈಕೆಗೆಂದು ನಮ್ಮ ಮನೆಗೆ ಬಂದಳು. ಬೆಳಗಾದರೆ ಅಮ್ಮ ಕೈ ಇಟ್ಟು ನೋಡುವಳು.

"ತಣ್ಣಗಿದೆ ಕಣೇ. ಒಂಚೂರೂ ಕೆಂಪಾಗಿಲ್ಲ. ನಂಜಿಲ್ಲ."

"ಪಥ್ಯ ಮಾಡ್ತಿದೀನಲ್ಲಮ್ಮ," ಎಂದು ಅಕ್ಕ ನನ್ನ ಕಡೆ ತಿರುಗಿ, "ನೋಡಿ ಕಲಿ ಮಾರಾಯ್ತಿ," ಎಂದಳು.

ಬಾವಿಲ್ಲ, ಜ್ವರವಿಲ್ಲ. ಆದರೆ ಊಟ ಸೇರಲಿಲ್ಲ, ಕೂತಲ್ಲೇ ತೂಕಡಿಸತೊಡಗಿದಳು. ಒಂದು ಮಧ್ಯಾಹ್ನ ನನ್ನ ಮುಖ ನೋಡಿ, "ಯಾರು ನೀನು?" ಎಂದಳು. ಜೀಪು ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ಸೋಂಕು ಮೂಳೆಯವರೆಗೆ ಇಳಿದಿತ್ತು, ರಕ್ತಕ್ಕೂ ಸೇರಿತ್ತು. ಅಕ್ಕ ಉಳಿಯಲಿಲ್ಲ.

ಅಲ್ಲಿನ ಡಾಕ್ಟರಮ್ಮ ನನ್ನನ್ನು ಬೆಂಚಿನ ಮೇಲೆ ಕೂರಿಸಿ ವಿವರಿಸಿದರು. ಚರ್ಮದಡಿಯಲ್ಲಿ ಹುಟ್ಟಿನಿಂದಲೇ ಕಾವಲಿಗಿರುವ ಜೀವಕೋಶಗಳಿವೆಯಂತೆ. ರೋಗಾಣು ಹೊಕ್ಕ ಕೂಡಲೇ ಅವು ರಾಸಾಯನಿಕಗಳನ್ನು ಸುರಿದು ಕೂಗೆಬ್ಬಿಸುತ್ತವೆ. ರಕ್ತನಾಳ ಹಿಗ್ಗುತ್ತದೆ, ನೀರು ಒಸರುತ್ತದೆ, ಬಿಳಿ ರಕ್ತಕಣಗಳು ನುಗ್ಗಿ ಬರುತ್ತವೆ. ನಮಗೆ ಕಾಣುವ ಕೆಂಪು, ಬಿಸಿ, ಬಾವು ಎಲ್ಲ ಆ ಗಲಾಟೆಯೇ. ಕೆಲಸ ಮುಗಿದ ಮೇಲೆ ಸಾಕು, ನಿಲ್ಲಿಸಿ ಎನ್ನುವುದೂ ಮೈಯೇ. ಅಕ್ಕನ ಗಂಟುಗಳಲ್ಲಿ ರೋಗಾಣುವಿಲ್ಲದೆಯೂ ಕೂಗು ನಿಲ್ಲುತ್ತಿರಲಿಲ್ಲ. ಮಾತ್ರೆ ಅದನ್ನು ನಿಲ್ಲಿಸಿತು. ಪಾದದ ಕೂಗನ್ನೂ ಅಡಗಿಸಿತು.

"ಕಾಲು ತಣ್ಣಗಿದ್ದಿದ್ದು ವಾಸಿಯಾಗಿ ಅಲ್ಲ," ಎಂದರು. ಅಮ್ಮ ಪಕ್ಕದಲ್ಲೇ ಇದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ, ನಾನು ವಿಚಾರಿಸಲಿಲ್ಲ.

ಆ ಪಾದ ಈಗಲೂ ನನ್ನನ್ನು ಬಿಟ್ಟಿಲ್ಲ. ಕನಸಿನಲ್ಲಿ ಅಕ್ಕನ ಮುಖ ಬರುವುದಿಲ್ಲ, ಪಾದ ಬರುತ್ತದೆ. ತೊಳೆದಿಟ್ಟ, ಬೆಳ್ಳಗಿನ, ಸುಮ್ಮನಿರುವ ಪಾದ. ನನ್ನದು ಟೈಲರಿಂಗ್ ಕೆಲಸ. ರವಿಕೆ ಹೊಲಿಯುತ್ತ ಪೆಡಲ್ ಮೇಲಿನ ಕಾಲು ತಣ್ಣಗಾದರೆ ಮೆಷಿನ್ ನಿಲ್ಲಿಸಿ, ಹೆದರಿ, ಬಿಸಿಯಾಗುವ ತನಕ ಉಜ್ಜಿಕೊಳ್ಳುತ್ತೇನೆ. ಬಂದ ಗಿರಾಕಿಗಳಿಗೆ ಚಳಿ ಎನ್ನುತ್ತೇನೆ.

ಮೊನ್ನೆ ಮೆಷಿನ್ ಸೂಜಿ ಬೆರಳಿಗೆ ಹೊಕ್ಕಿತು. ಮರುದಿನ ಬೆರಳು ಕೆಂಪಾಗಿ ಊದಿಕೊಂಡಿತು. ಇಂಜೆಕ್ಷನ್ ಹಾಕಿಸಿಕೊಂಡು ಬಂದು ಅಮ್ಮನ ಎದುರು ಕುಳಿತೆ. ಅಕ್ಕ ಹೋದ ಮೇಲೆ ಅಮ್ಮ ಯಾರ ಗಾಯವನ್ನೂ ಮುಟ್ಟಿರಲಿಲ್ಲ. ಅಭ್ಯಾಸಬಲದಿಂದ ಅವಳ ಕೈ ಮುಂದೆ ಬಂದು, ಅರ್ಧಕ್ಕೇ ನಿಂತು, ಸೆರಗಿನೊಳಗೆ ಸೇರಿಕೊಂಡಿತು. ನನಗೆ ಸಿಟ್ಟು ಬಂತು. ಆ ಕೈಯನ್ನು ಹೊರಗೆಳೆದು ನನ್ನ ಬೆರಳಿನ ಮೇಲಿಟ್ಟೆ.

"ಬಿಸಿ ಇದ್ಯಾ?"

"ಕೆಂಡದ ಹಾಗಿದೆ," ಎಂದಳು. ಕೈ ತೆಗೆಯಲಿಲ್ಲ.

ಬೆರಳನ್ನೇ ನೋಡುತ್ತ, "ಅವಳದು ತಣ್ಣಗಿತ್ತಲ್ಲ," ಎಂದಳು. "ಮುಟ್ಟಿದಾಗೆಲ್ಲ ನಾನು ದೇವರಿಗೆ ಕೈ ಮುಗೀತಿದ್ದೆ."