ಮುರಿಯಬೇಕಾದ ಬೋಲ್ಟು

ಮುರಿಯುವ ವಸ್ತು ಕಂಡರೆ ಜಟ್ಟಪ್ಪನಿಗೆ ಆಗುತ್ತಿರಲಿಲ್ಲ. ಕೊಡಲಿಯ ಕಾವು ಸಡಿಲವಾದರೆ ಬೆಣೆ ಹೊಡೆಯುವನು, ನೊಗದ ಹಗ್ಗ ಹರಿದರೆ ಇನ್ನೊಂದೆಳೆ ಸೇರಿಸಿ ಹೊಸೆಯುವನು. ಅಪ್ಪ ಅಜ್ಜನ ಕಾಲದಿಂದ ಗೇಣಿಗೆ ಉತ್ತವರ ಮನೆ. ಒಮ್ಮೆ ಹೋದದ್ದು ಮತ್ತೆ ಹೋಗದಂತೆ ಬಿಗಿ ಮಾಡುವುದೇ ಅಲ್ಲಿಯ ಶಾಸ್ತ್ರ. ಅಂಥವನ ಕೈಗೆ ಟ್ರ್ಯಾಕ್ಟರ್ ಕೊಟ್ಟರೆ ಏನಾದೀತು ಹೇಳಿ!

ಕೊಟ್ಟರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಊರು ಮುಳುಗಿದ ಮೇಲೆ, ಹೊಸನಗರದ ಕಡೆ ಕಾಡು ಕಡಿಸಿದ ಜಾಗದಲ್ಲಿ ಒಂದಷ್ಟು ಸಂಸಾರಗಳಿಗೆ ಜಮೀನು ಸಿಕ್ಕಿತು. ಅವರಿಗೆಲ್ಲ ಸೇರಿ ಸೊಸೈಟಿಯದೊಂದು ಟ್ರ್ಯಾಕ್ಟರ್. ಅಣೆಕಟ್ಟು ಕಟ್ಟುವಾಗ ಕಾರ್ಗಲ್ಲಿನಲ್ಲಿ ಟ್ರ್ಯಾಕ್ಟರಿಗೆ ನೀರಿನ ಟ್ಯಾಂಕರ್ ಕಟ್ಟಿ ಎಳೆದಿದ್ದ ಜಟ್ಟಪ್ಪನೇ ಅದಕ್ಕೆ ಡ್ರೈವರ್. ಅವನಿಗೆ ಸಿಕ್ಕಿದ್ದರ ಪಕ್ಕದ ಜಮೀನು ಅಕ್ಕ ಮಾಸ್ತಮ್ಮನದು. ಗಂಡ ತೀರಿಕೊಂಡವಳು, ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಜೀವಮಾನವಿಡೀ ಪರರ ಗದ್ದೆಯಲ್ಲಿ ಬಗ್ಗಿದ ಹೆಂಗಸಿಗೆ ಮೊದಲ ಸಲ ತನ್ನದು ಅನ್ನುವ ನೆಲ. ಈ ಮಳೆಗೆ ಅದರಲ್ಲಿ ಭತ್ತ ಬೀಳಲೇಬೇಕು. ಇಲ್ಲದಿದ್ದರೆ ಮತ್ತೆ ಮಂದಿಯ ಗದ್ದೆಗೇ ಕೂಲಿ.

ಮರ ಕಡಿದಿದ್ದರೇನು, ಬೊಡ್ಡೆಗಳು ಮಣ್ಣಿನೊಳಗೇ ಇದ್ದವು. ನೇಗಿಲನ್ನು ಚೌಕಟ್ಟಿಗೆ ಹಿಡಿದಿಡಲು ಒಂದು ಬೋಲ್ಟಿತ್ತು. ನೇಗಿಲು ಬೊಡ್ಡೆಗೆ ತಾಗಿದರೆ ಆ ಬೋಲ್ಟು ಟಪ್ಪೆಂದು ತುಂಡಾಗುತ್ತಿತ್ತು. ಇಳಿ, ಹೊಸದು ಹಾಕು, ಹತ್ತು, ಮತ್ತೆ ಟಪ್!

“ಎಂಥ ಬೋಲ್ಟಾ ಅದು, ಹಪ್ಪಳ ಮುರ್ದಂಗೆ ಮುರೀತದಲ!” ಎಂದಳು ಮಾಸ್ತಮ್ಮ ಬದುವಿನ ಮೇಲಿಂದ.

ಅಷ್ಟು ಸಾಕಾಯಿತು. ಜಟ್ಟಪ್ಪ ಕಾರ್ಗಲ್ಲಿಗೆ ಹೋಗಿ, ಬಂಡೆಗೆ ತೂತು ಕೊರೆದು ಸವೆದು ಬಿದ್ದಿದ್ದ ಉಕ್ಕಿನ ಸರಳೊಂದನ್ನು ತಂದ. ಆಚಾರಿಯ ಕುಲುಮೆಯಲ್ಲಿ ಬಡಿಸಿ ಬೋಲ್ಟು ಮಾಡಿಸಿದ. “ಇನ್ನು ಆನೆ ಎಳೆದ್ರೂ ಮುರಿಯಲ್ಲ,” ಎಂದು ಮೀಸೆ ತಿರುವಿಕೊಂಡ. ಮುರಿಯಲಿಲ್ಲ, ನಿಜ. ಬೇರುಗಳೆಲ್ಲ ಚರಚರ ಹರಿದು ಬಂದವು.

ಅಕ್ಕನ ಜಮೀನಿನ ಗಟ್ಟಿ ನೆಲದಲ್ಲಿ ಮಾತ್ರ ನೇಗಿಲು ಒಳಗಿಳಿಯದೆ ಮೇಲುಮೇಲೆ ಕೆರೆಯತೊಡಗಿತು. ಎತ್ತು ಕಟ್ಟಿ ಗದ್ದೆ ಮಟ್ಟ ಮಾಡುವಾಗ ಹಲಗೆಯ ಮೇಲೆ ಭಾರಕ್ಕೆ ಯಾರಾದರೂ ನಿಲ್ಲುವುದು ಅವರ ವಾಡಿಕೆ. “ತಡಿ, ನಾ ನಿಲ್ತೀನಿ,” ಎಂದವಳೇ ಮಾಸ್ತಮ್ಮ ಸೆರಗು ಸಿಕ್ಕಿಸಿ ಚೌಕಟ್ಟು ಹತ್ತಿದಳು. ಅದರ ಮೇಲೆ ನರಪಿಳ್ಳೆಯೂ ನಿಲ್ಲಕೂಡದೆಂದು ಸೊಸೈಟಿಯ ಮೆಕ್ಯಾನಿಕ್ ಹೇಳಿದ್ದ. ಅವನಿಗೇನು ಗೊತ್ತು ಬೇಸಾಯ ಅಂದುಕೊಂಡು ಜಟ್ಟಪ್ಪ ಗೇರು ಹಾಕಿದ.

ದೊಡ್ಡ ಬೊಡ್ಡೆಯೇ ಸಿಕ್ಕಿತು. ಬೋಲ್ಟು ಮುರಿಯಲಿಲ್ಲ, ಅದರ ಬದಲು ನೇಗಿಲೇ ಮುರಿಯಿತು. ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಎದ್ದು ದೊಪ್ಪೆಂದು ಬಿದ್ದವು. ತಿರುಗಿ ನೋಡಿದರೆ ಅಕ್ಕ ಹೆಂಟೆಗಳ ನಡುವೆ ಬಿದ್ದಿದ್ದಾಳೆ, ಬಲಗಾಲು ಸೊಟ್ಟಗಾಗಿದೆ.

ಸಾಗರದ ಆಸ್ಪತ್ರೆಯಲ್ಲಿ ಕಾಲಿಗೆ ಸಿಮೆಂಟು ಪಟ್ಟಿ ಹಾಕಿದರು. ಜೀವಕ್ಕೇನೂ ಆಗಲಿಲ್ಲ, ಪುಣ್ಯ. ಜಟ್ಟಪ್ಪನ ಸಿಟ್ಟು ಮೊದಲು ಬೊಡ್ಡೆಯ ಮೇಲೆ ಹೋಯಿತು, ಆಮೇಲೆ ಆಚಾರಿಯ ಮೇಲೆ. ಬೈಯಲು ಬೇರೆ ಯಾರೂ ಉಳಿಯದಾಗ ತನ್ನ ಮೇಲೆಯೇ ತಿರುಗಿತು. ಇವನನ್ನು ಬಿಡಿಸಿ ಬೇರೆ ಡ್ರೈವರನ್ನು ತರುತ್ತೇವೆಂದು ಸೊಸೈಟಿಯವರು ಹೊರಟಾಗ ಮಾಸ್ತಮ್ಮ ಮಂಚದಿಂದಲೇ ಹೇಳಿಕಳಿಸಿದಳು: “ನನ್ ಕಾಲು ಮುರ್ದು ಅವ ಕಲ್ತಿದಾನೆ. ಹೊಸಬ ಬಂದು ಇನ್ಯಾರ ಕಾಲು ಮುರ್ದು ಕಲೀಬೇಕು?”

ಜಟ್ಟಪ್ಪ ನೇಗಿಲನ್ನು ಲಾರಿಗೆ ಹೇರಿ ಕಾರ್ಗಲ್ಲಿಗೆ ಒಯ್ದು ವೆಲ್ಡಿಂಗ್ ಮಾಡಿಸಿದ. ಮುರಿದ ಜಾಗದ ಮೇಲೆ ಬೆರಳಾಡಿಸುತ್ತ ಕೂತಾಗ ಅವನಿಗೆ ವಿಷಯ ಹೊಳೆಯಿತು. ಏಟು ಬಿದ್ದಾಗ ಏನಾದರೊಂದು ಹೋಗಲೇಬೇಕು. ಚಿಕ್ಕದು ಹೋಗದಿದ್ದರೆ ದೊಡ್ಡದು ಹೋಗುತ್ತದೆ. ಮೊದಲಿನಂಥ ಮೆತ್ತನೆಯ ಬೋಲ್ಟುಗಳನ್ನೇ ಚೀಲ ತುಂಬ ತಂದ. ಭಾರಕ್ಕೆ ಕಲ್ಲು ತುಂಬಿದ ಗೋಣಿ ಕಟ್ಟಿದ. ಯಾರೂ ಹತ್ತದಂತೆ ಚೌಕಟ್ಟಿನ ಸುತ್ತ ಕಾರೆಮುಳ್ಳು ಬಿಗಿದ. ಬೇಲಿ ಹೊತ್ತ ನೇಗಿಲು ಕಂಡು ಊರೆಲ್ಲ ನಕ್ಕಿತು. “ನಗ್ರಪ್ಪ, ಆದ್ರೆ ಹತ್ಬ್ಯಾಡ್ರಿ,” ಎಂದ.

ಮೋಡ ಕಟ್ಟುತ್ತಿದ್ದ ದಿನ ಅಕ್ಕನ ಜಮೀನಿಗೆ ಇಳಿದ. ಮಾಸ್ತಮ್ಮ ಪಟ್ಟಿ ಹಾಕಿದ ಕಾಲು ಚಾಚಿ ಬದುವಿನ ಮೇಲೆ ಕಂಬಳಿ ಹಾಸಿ ಕೂತಿದ್ದಳು. ಅರ್ಧ ಉತ್ತಾಗಿತ್ತು, ಟಪ್! ಜಟ್ಟಪ್ಪ ಬ್ರೇಕು ತುಳಿದ. ಹಾರಿ ಹಿಂದಕ್ಕೆ ಓಡಿ ನೋಡಿದ. ಕಣ್ಣಲ್ಲಿ ದಳದಳ ನೀರು.

“ಎಂತಾತಾ?”

“ಬೋಲ್ಟು ಮುರೀತಕ್ಕಾ.”

“ನೇಗ್ಲು?”

“ನೆಟ್ಟಗದೆ.”

“ಹಂಗಾರೆ ಎಂತಕ್ಕೆ ಅಳ್ತೀಯ, ಹೆಣ್ಮಕ್ಕಳಂಗೆ? ಹೊಸದು ಹಾಕು! ಮಳೆ ಕಾಯ್ತದ?”

ಹಾಕಿದ. ಮೊದಲ ಹನಿ ಬೀಳುವಷ್ಟರಲ್ಲಿ ಆಚೆ ಬೇಲಿಯ ತನಕ ಉತ್ತು ಮುಗಿಸಿ ಇಂಜಿನ್ ನಿಲ್ಲಿಸಿದ. ನಡೆದು ಬರಲಾಗದ ಮಾಸ್ತಮ್ಮ, “ಒಂದು ಹೆಂಟೆ ತಗಂಬಾರಾ ಇಲ್ಲಿ,” ಎಂದು ಕೂಗಿದಳು. ತಂದು ಕೊಟ್ಟ. ಅವಳು ಆ ಮಣ್ಣನ್ನು ಮಡಿಲಲ್ಲಿಟ್ಟುಕೊಂಡು, ತಮ್ಮ ನೋಡುತ್ತಿದ್ದಾನೆಂಬ ಸಂಕೋಚವೂ ಇಲ್ಲದೆ, ಗೊಳೋ ಎಂದು ಅತ್ತಳು.