ಡಾಕ್ಟರಿಗೆ ತುಳು ಬರುತ್ತದೆ

ಜುಲೈಕಾಳಿಗೆ ಮೂರು ಭಾಷೆ ಬರುತ್ತಿತ್ತು. ಸುಮ್ಮನಿರುವುದು ಮಾತ್ರ ಒಂದರಲ್ಲೂ ಬರುತ್ತಿರಲಿಲ್ಲ. ಮನೆಯೊಳಗೆ ಬ್ಯಾರಿ, ಬೀದಿಗಿಳಿದರೆ ತುಳು. ಬ್ಯಾಂಕು, ಆಸ್ಪತ್ರೆ ಅಂದರೆ ಪಾಠಪುಸ್ತಕದಿಂದ ಎದ್ದು ಬಂದಂಥ ಕನ್ನಡ.

ಬಂಟ್ವಾಳ ಪೇಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದ ಮೂಸಬ್ಬನ ಮಗಳು ಅವಳು. ನೆರೆ ಬಂದಾಗಲೆಲ್ಲ ಮೀನಿನ ಗೋಣಿಗಳನ್ನು ಅಟ್ಟಕ್ಕೆ ಏರಿಸುತ್ತ ಬೆಳೆದವಳು. ಏಳನೇ ಕ್ಲಾಸು ಮುಗಿಸಿ, ಕೆಲವು ವರ್ಷ ಬೀಡಿ ಕಟ್ಟಿ, ಅಬ್ದುಲ್ ಹಕೀಮನನ್ನು ಮದುವೆಯಾಗಿ ಬೆಳ್ತಂಗಡಿಗೆ ಬಂದಳು. ಗಂಡ ಸೌದಿಯ ದಮ್ಮಾಮಿನಲ್ಲಿ, ಇಲ್ಲಿ ಸಕ್ಕರೆ ಕಾಯಿಲೆಯ ಅತ್ತೆ ಮತ್ತು ಇವಳು. ನಾನು ಮೂಡಬಿದ್ರೆಯ ಜೈನರ ಮನೆಯವಳು. ಬೆಳ್ತಂಗಡಿಯ ಶಾಲೆಯಲ್ಲಿ ಕನ್ನಡ ಟೀಚರಾಗಿ ಬಂದು ಅವಳ ಪಕ್ಕದ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆ. ನಮ್ಮಿಬ್ಬರ ಮಾತೆಲ್ಲ ತುಳುವಿನಲ್ಲಿ. ಎಲ್ಲರೂ ಓದಲಿ ಎಂದು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ, ಅಷ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಮ್ಮ ಪೇಟೆಯ ಆಸ್ಪತ್ರೆಗೆ ಹೋದವರೆಲ್ಲ ಅವಳನ್ನು ನೋಡಿಯೇ ಇರುತ್ತೀರಿ. ಡಾಕ್ಟರ ಕೋಣೆಯ ಹೊರಗಿನ ಬೆಂಚಿನಲ್ಲಿ, ಕಪ್ಪು ಬುರ್ಖಾ ಹಾಕಿ ಕುಳಿತಿರುತ್ತಿದ್ದಳು. ಕನ್ನಡ ಬಾರದವರ ಜೊತೆ ಒಳಗೆ ಹೋಗುವಳು, ಅವರ ಮಾತನ್ನು ಹೇಳುವಳು. ಆಮೇಲೆ, "ಈಗ ನೀವು ಹೇಳಿ ಡಾಕ್ಟ್ರೇ, ನಾನು ಎಂತ ಹೇಳಿದೆ?" ಎಂದು ಡಾಕ್ಟರಿಗೇ ಪಾಠ ಒಪ್ಪಿಸಲು ಹೇಳುವಳು. ಎಂಥ ಜಂಬದ ಹೆಂಗಸು ಎಂದು ಮೂಗು ಮುರಿದವರು ಬಹಳ. ಅದು ಜಂಬವಲ್ಲ ಮಾರಾಯ್ರೆ, ಹೆದರಿಕೆ. ಆ ಹೆದರಿಕೆ ಹುಟ್ಟಿದ ದಿನ ನಾನು ಅವಳ ಪಕ್ಕದಲ್ಲೇ ಇದ್ದೆ.

ತೊಂಬತ್ತಾರನೆಯ ಇಸವಿ. ಅತ್ತೆಯನ್ನು ತೋರಿಸಲು ಜುಲೈಕಾ ಅದೇ ಆಸ್ಪತ್ರೆಗೆ ಹೋಗಿದ್ದಳು. ಬೆಂಚು ಖಾಲಿ ಇದ್ದರೂ ಇಬ್ಬರು ಹೆಂಗಸರು ಗೋಡೆಗೆ ಒರಗಿ ನಿಂತಿದ್ದರು. ನೆರಿಯದ ಕಾಡಿನಂಚಿನ ಮಲೆಕುಡಿಯ ಬುಡಕಟ್ಟಿನ ಸೊಸೆ ಸುಂದರಿ ಮತ್ತು ಅವಳ ಅತ್ತೆ. ಕೂರಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಕೂರಿ ಎಂದೂ ಹೇಳಿರಲಿಲ್ಲ. ಜುಲೈಕಾ ಇಬ್ಬರನ್ನೂ ಎಳೆದು ಕೂರಿಸಿದಳು. ಮದುವೆಯಾಗಿ ಬಹಳ ವರ್ಷದ ಮೇಲೆ ಸುಂದರಿಗೆ ನಿಂತ ಬಸಿರು, ಎರಡು ತಿಂಗಳಾಗಿದೆ, ತಲೆ ತಿರುಗುತ್ತದೆ ಎಂಬ ಸಮಾಚಾರವೆಲ್ಲ ಅಲ್ಲೇ ಗೊತ್ತಾಯಿತು. ಅವರ ಸರದಿ ಬಂದಾಗ ಕೇಳದೆಯೇ ಜೊತೆಗೆ ಒಳಗೆ ನುಗ್ಗಿದಳು.

ಡಾಕ್ಟರು ಹೊಸಬರು, ವಿಜಾಪುರದ ಕಡೆಯವರು. "ಏನ್ ತ್ರಾಸ ಐತಿ?" ಎಂದರು.

"ಆಳ್ ಬಂಜಿನಾಳ್," ಎಂದಳು ಸುಂದರಿಯ ಅತ್ತೆ.

ತುಳುವಿನಲ್ಲಿ ಬಂಜಿ ಎಂದರೆ ಹೊಟ್ಟೆ, ಬಂಜಿನಾಳ್ ಎಂದರೆ ಬಸುರಿ. ಡಾಕ್ಟರು ತಲೆ ಎತ್ತಿ ಕೇಳಿದರು, "ಬಂಜಿ ಏನ್ರಿ?"

ಜುಲೈಕಾಳಿಗೆ ಸಂತೋಷವೋ ಸಂತೋಷ. ದೂರದ ಊರಿನ ಡಾಕ್ಟರ ಬಾಯಲ್ಲಿ ಎಷ್ಟು ಸ್ಪಷ್ಟ ತುಳು! "ಹೌದು ಸರ್, ಬಂಜಿಯೇ," ಎಂದಳು.

"ಮುಟ್ಟು ಆಗ್ತದೇನು?"

"ಇಲ್ಲ ಸರ್, ನಿಂತಿದೆಯಂತೆ."

ಡಾಕ್ಟರು ಮಾತ್ರೆ ಬರೆದುಕೊಟ್ಟರು. ಇದನ್ನ ತಪ್ಪಿಸಬ್ಯಾಡ್ರಿ, ಎಲ್ಲಾ ಸರಿ ಆಗ್ತದ ಎಂದರು. ಹೊರಗೆ ಸಾಲು ಬಾಗಿಲಿನವರೆಗೆ ಬೆಳೆದಿತ್ತು. ಊಟದ ಮೇಲೆ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಜುಲೈಕಾ ಇಬ್ಬರಿಗೂ ಬಾಯಿಪಾಠ ಮಾಡಿಸಿ ಕಳಿಸಿದಳು.

ಎರಡು ದಿನ ಬಿಟ್ಟು ಶನಿವಾರ ನಾನು ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದೆ. ಅವಳು ಬೇಲಿಯಾಚೆಯಿಂದಲೇ ಕೂಗಿದಳು: "ಪ್ರಫುಲ್ಲಕ್ಕಾ, ಹೊಸ ಡಾಕ್ಟ್ರಿಗೆ ತುಳು ಬರ್ತದೆ ಮಾರಾಯ್ರೆ! ಬಂಜಿ ಅಂತ ಅವರೇ ಹೇಳಿದ್ರು."

ನಾನು ನಗುತ್ತಲೇ ಕೇಳುತ್ತಿದ್ದವಳು. ವಿಜಾಪುರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟೆ. ಆ ಕಡೆಯವರ ಬಾಯಲ್ಲಿ ಮನೆ ಎಂಬುದು ಮನಿ ಆಗುತ್ತದೆ, ಹಾಗಾದರೆ ಬಂಜೆ?

"ಜುಲೈಕಾ, ಬಂಜೆ ಅಂದ್ರೆ ಮಕ್ಕಳಾಗದವಳು. ಅವರ ಮಾತಿನಲ್ಲಿ ಅದೇ ಬಂಜಿ. ಹೌದಾ ಅಂತ ಕೇಳಿದ್ದು ಅದನ್ನು!"

ಅವಳು ಆ ಶಬ್ದವನ್ನು ಕೇಳಿಯೇ ಇರಲಿಲ್ಲ. ಏಳನೇ ಕ್ಲಾಸಿನವರೆಗಿನ ಯಾವ ಪಾಠದಲ್ಲಿ ಅದು ಬರುತ್ತದೆ? "ನಾನು ಹೌದು ಅಂದೆ," ಎಂದಳು. ಮತ್ತೊಮ್ಮೆ, "ನಾನೇ ಹೌದು ಅಂದೆ ಪ್ರಫುಲ್ಲಕ್ಕಾ," ಎಂದಳು.

ಇಬ್ಬರೂ ಆಸ್ಪತ್ರೆಗೆ ಓಡಿದೆವು. ಡಾಕ್ಟರು ಮನೆಗೆ ಹೊರಟು ನಿಂತಿದ್ದರು. ನಾನು ವಿಷಯ ಹೇಳುತ್ತಿದ್ದ ಹಾಗೆ ಅಲ್ಲೇ ಕುರ್ಚಿಯಲ್ಲಿ ಕುಸಿದರು. "ಬಂಜಿ ಅಂದ್ರಲ್ರೀ! ನಾ ಮುಟ್ಟು ಬರಸೋ ಮಾತ್ರಿ ಕೊಟ್ಟೀನಿ," ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಭಾಷೆ ತಿಳಿಯದಿರುವುದು ತಪ್ಪಲ್ಲ, ಒಪ್ಪುತ್ತೇನೆ. ಒಂದು ಮೂತ್ರ ಪರೀಕ್ಷೆ ಮಾಡಿಸಲಿಕ್ಕೆ ಯಾವ ಭಾಷೆ ಬೇಕಿತ್ತು? ಕಾರಿನಲ್ಲಿ ಬಂದು ಇಳಿದವಳಾಗಿದ್ದರೆ ಇಷ್ಟಕ್ಕೇ ಬಿಡುತ್ತಿದ್ದರೇ? ಅಷ್ಟನ್ನೂ ಅವರ ಮುಖಕ್ಕೇ ಹೇಳಿದೆ. ಪೇಟೆಯ ಡ್ರೈವರ್ ಲೋಕನಾಥನ ಬಾಡಿಗೆ ಜೀಪು ತರಿಸಿದಾಗ ಡಾಕ್ಟರೇ ಎಲ್ಲರಿಗಿಂತ ಮೊದಲು ಹತ್ತಿ ಕುಳಿತರು.

ಟಾರು ಮುಗಿದು ಮಣ್ಣಿನ ರಸ್ತೆ, ಅದೂ ಮುಗಿದ ಮೇಲೆ ನಡಿಗೆ. ದಾರಿಯುದ್ದಕ್ಕೂ ಜುಲೈಕಾ, "ತೆಕ್ಕೊಂಡಿರ್ಲಿಕ್ಕಿಲ್ಲ, ಮರ್ತಿರ್ತಾರೆ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮಾತ್ರೆ ಮರೆಯಬೇಡಿ ಎಂದು ಹೇಳಿ ಕಳಿಸಿದವಳು, ಈಗ ಅವರು ಮರೆತಿರಲಿ ಎಂದು ಅಲ್ಲಾನನ್ನು ಬೇಡುತ್ತಿದ್ದಳು.

ಸುಂದರಿಯ ಅತ್ತೆ ಅಂಗಳದಲ್ಲೇ ಸಿಕ್ಕಳು. ನಮ್ಮನ್ನು ಕಂಡು ಅವಳ ಮುಖ ಅರಳಿತು. "ಒಂದೂ ತಪ್ಪಿಸ್ಲಿಲ್ಲ ಮಗಾ. ನೀನು ಹೇಳಿದ ಹಾಗೇ ಕೊಟ್ಟಿದ್ದೇನೆ. ಆದ್ರೆ ಬೆಳಿಗ್ಗೆಯಿಂದ ಇವಳಿಗೆ ರಕ್ತ ಹೋಗ್ತಾ ಉಂಟು."

ಸುಂದರಿ ಒಳಗೆ ಚಾಪೆಯ ಮೇಲೆ ಮುದುಡಿ ಮಲಗಿದ್ದಳು. ಅವಳ ಗಂಡ ಶಂಭು, ಡಾಕ್ಟರು ಮತ್ತು ಲೋಕನಾಥ ಸೇರಿ ಕಂಬಳಿಯಲ್ಲಿ ಹೊತ್ತು ಜೀಪಿನವರೆಗೆ ತಂದರು. ಜೀವ ಉಳಿಯಿತು, ಬಸಿರು ಉಳಿಯಲಿಲ್ಲ. ಆ ಮಾತ್ರೆಯಿಂದಲೇ ಹೋಯಿತೆಂದು ಖಂಡಿತವಾಗಿ ಹೇಳಲಾಗದು ಎಂದು ಆಮೇಲೆ ಮಂಗಳೂರಿನ ದೊಡ್ಡ ಡಾಕ್ಟರೊಬ್ಬರು ಹೇಳಿದರು. "ಅಲ್ಲ ಅಂತಲೂ ಖಂಡಿತ ಹೇಳ್ಲಿಲ್ಲವಲ್ಲ," ಎಂದಳು ಜುಲೈಕಾ.

ಅವಳು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಅವಳ ಅತ್ತೆಯನ್ನು ಆಸ್ಪತ್ರೆಗೆ ನಾನು ಕರೆದೊಯ್ಯಬೇಕಾಯಿತು. ತಿಂಗಳು ಕಳೆದಿತ್ತೇನೋ, ಸುಂದರಿಯ ಅತ್ತೆ ವಿಳಾಸ ಕೇಳಿಕೊಂಡು ಬಂದಳು. ಕೈಯಲ್ಲಿ ಒಂದು ಬಾಟಲಿ ಕಾಡುಜೇನು. ಬೈಯಲು ಬಂದಳೆಂದೇ ನಾನು ಬೇಲಿಯ ಹತ್ತಿರ ಹೋಗಿ ನಿಂತೆ.

"ನಿನಗೆ ಅಂತ ತಂದದ್ದು. ನೀನು ಅಲ್ವಾ ನಮಗೋಸ್ಕರ ಮಾತಾಡಿದ್ದು," ಎಂದಳು ಮುದುಕಿ.

ಜುಲೈಕಾ ಬಾಟಲಿಯನ್ನು ಮುಟ್ಟಲಿಲ್ಲ. ಗಳಗಳನೆ ಅಳುತ್ತ ಎಲ್ಲವನ್ನೂ ಹೇಳಿಬಿಟ್ಟಳು. ಡಾಕ್ಟರು ಕೇಳಿದ್ದು ಏನು, ತಾನು ಹೌದು ಅಂದದ್ದು ಏನು, ಒಂದನ್ನೂ ಮುಚ್ಚಿಡಲಿಲ್ಲ. ಮುದುಕಿ ಜಗಲಿಯಲ್ಲಿ ಕುಳಿತಳು. ಕಣ್ಣು ಒರೆಸಿಕೊಂಡಳು. ಇನ್ನು ಎದ್ದು ಹೋಗುತ್ತಾಳೆ ಎಂದುಕೊಂಡೆ.

"ಇಷ್ಟು ವಯಸ್ಸಾಯಿತು ನನಗೆ," ಎಂದಳು ಕೊನೆಗೆ. "ಆಸ್ಪತ್ರೆಯಲ್ಲಿ ನಾವು ಹೇಳಿದ್ದಕ್ಕೆ ಒಬ್ಬರು ಹೌದು ಅಂದದ್ದು ಅದೇ ಮೊದಲು. ಸುಂದರಿಯನ್ನು ಇನ್ನೊಮ್ಮೆ ಕರ್ಕೊಂಡು ಬರುವಾಗಲೂ ನೀನು ಅಲ್ಲಿ ಇರ್ಬೇಕು."

ಬಾಟಲಿಯನ್ನು ಜಗಲಿಯಲ್ಲಿ ಇಟ್ಟು ಅವಳು ಬಸ್ಸಿಗೆ ಹೊರಟಳು. ಜುಲೈಕಾಳ ಬಾಯಿಂದ ಮೂರು ಭಾಷೆಯಲ್ಲಿ ಒಂದರದ್ದೂ ಒಂದು ಮಾತು ಬರಲಿಲ್ಲ. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋಗುವಾಗ ಅವಳು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಿದ್ದಳು.