ಬಿರಿಂಜಿಯಲ್ಲಿ ಎಲಿ

ಎತ್ತರ ನಿಲ್ಲಿಸಿದ ಅಕ್ಕಿಮೂಟೆಗಿಂತ ಒಂದು ಗೇಣು ಹೆಚ್ಚು, ಅಷ್ಟೇ. ಚಪ್ಪಲಿ ಒಂದೇ ಬದಿಗೆ ಸವೆದಿದೆ, ಅಂದರೆ ಕುರ್ಚಿಯಲ್ಲಿ ಕೂತು ಆಡಳಿತ ನಡೆಸುವವರಲ್ಲ. ದನಿ ಮೆತ್ತಗೆ, ನಾವು ಸ್ವಲ್ಪ ಏರಿಸಿದರೆ ಅವರು ಇಳಿಸಿಯಾರು. ಮದ್ರಾಸಿನ ಗಿಂಡಿ ಹತ್ತಿರದ ಕನ್ಯಾಸ್ತ್ರೀಯರ ಶಾಲೆಗೆ ಹೊಸ ಹೆಡ್‌ಮಿಸ್ಟ್ರೆಸ್ಸಾಗಿ ಬಂದ ಸಿಸ್ಟರ್ ಅಪೊಲಿನ್ ಅವರನ್ನು ಅಲ್ಲಿನ ಕ್ಯಾಂಟೀನು ನಡೆಸುವ ಮಧ್ವರಾಜ ಮೊದಲ ಭೇಟಿಯಲ್ಲೇ ಹೀಗೆ ತೂಗಿಬಿಟ್ಟ.

"ಶಿರ್ವ ಕಡೆಯವರು, ನಮ್ಮೂರ ಪಾರ್ಟಿ. ಸುಲಭಕ್ಕೆ ಬಗ್ಗುತ್ತಾರೆ" ಎಂದು ಅವನು ವೆಸ್ಟ್ ಮಾಂಬಲಂನ ತನ್ನ ಹೋಟೆಲಿಗೆ ಮರಳಿ ಹೆಂಡತಿಗೆ ಹೇಳಿದ.

"ಯಾರು ಬಗ್ಗುವುದು ಅಂತ ನೋಡುವ" ಎಂದಳು ಸುಗುಣಾ.

ಅದು ತೊಂಬತ್ತೊಂಬತ್ತರ ಇಸವಿ. ಗದಗದ ಕಡೆಯ ಅಂದಾನಿ ಕ್ಯಾಂಟೀನಿಗೆ ಬಡಿಸಲು ಹೊಸದಾಗಿ ಸೇರಿದ್ದ. ಕೈ ಚುರುಕು, ತಮಿಳು ಮಾತ್ರ ಅರೆಬೆಂದದ್ದು. ಆವತ್ತು ಮಧ್ಯಾಹ್ನ ಹುಡುಗಿಯರಿಗೆ ಬಿರಿಂಜಿ, ಅಂದರೆ ತೆಂಗಿನಹಾಲಿನ ಮಸಾಲೆ ಅನ್ನ. ಬಡಿಸುತ್ತ ಬಡಿಸುತ್ತ ಅಂದಾನಿ ಏನೋ ಹೇಳಿದ. ಒಬ್ಬಳು ತಟ್ಟೆ ಬಿಟ್ಟು ಎದ್ದಳು. ಇನ್ನೊಬ್ಬಳು ವಾಂತಿ ಮಾಡಿಕೊಂಡಳು. ಅವಳನ್ನು ನೋಡಿ ಇಡೀ ಸಾಲು ಮಾಡಿಕೊಂಡಿತು.

"ಬಿರಿಂಜಿಲ ಎಲಿ ಇರುಕ್ಕಾಂ!" ಬಿರಿಂಜಿಯಲ್ಲಿ ಎಲಿ ಇದೆಯಂತೆ ಎಂಬ ಕೂಗು ಹುಡುಗಿಯರ ಬಾಯಿಂದ ಬಾಯಿಗೆ ಹೋಯಿತು.

ಮಧ್ವರಾಜ ಒಳಗಿನಿಂದ ಓಡಿಬಂದ. ತಮಿಳಿನಲ್ಲಿ ಎಲಿ ಅಂದರೆ ಇಲಿ. ಸಂಜೆಯ ಎಲೆಕ್ಟ್ರಿಕ್ ಟ್ರೈನಿನಲ್ಲಿ ಈ ಹುಡುಗಿಯರ ಜೊತೆ ಆ ಇಲಿಯೂ ಟಿಕೆಟ್ಟಿಲ್ಲದೆ ತಾಂಬರಂ ತನಕ ಪ್ರಯಾಣ ಮಾಡುತ್ತದೆ. ಆಮೇಲೆ ಕ್ಯಾಂಟೀನೂ ಇಲ್ಲ, ಹೋಟೆಲೂ ಇಲ್ಲ.

"ಅನ್ನದಲ್ಲಿ ಇಲಿ ಹೇಗೆ ಬಿತ್ತು ಮಾರಾಯ?"

ಅಂದಾನಿ ಬೆಚ್ಚಿ ಪಾತ್ರೆಯೊಳಗೆ ಇಣುಕಿದ. "ಇಲಿ? ಯಾರಂದ್ರು ಮಾಲಕ್ರ?"

"ನೀನೇ ಅಂದದ್ದು."

"ನಾ ಅಂದಿಲ್ರಿ."

ಅಷ್ಟರಲ್ಲಿ ಸಿಸ್ಟರ್ ಬಂದರು. ಬಡಿಸುವುದನ್ನು ನಿಲ್ಲಿಸಿದರು, ಡಾಕ್ಟರಿಗೆ ಹೇಳಿಕಳಿಸಿದರು. ಮಧ್ವರಾಜ ಕೈಮುಗಿದು, "ಸಿಸ್ಟರ್, ತಪ್ಪೆಲ್ಲ ಇವನದ್ದು. ಇವತ್ತೇ ಊರಿನ ರೈಲು ಹತ್ತಿಸ್ತೇನೆ" ಎಂದ. ಸಿಸ್ಟರ್ ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅಳುತ್ತಿದ್ದ ಒಬ್ಬಳ ಪಕ್ಕ ಬೆಂಚಿನಲ್ಲಿ ಕೂತರು. ಶಿಲುಬೆಯ ಗುರುತು ಹಾಕಿಕೊಂಡರು. ಅವಳು ಬಿಟ್ಟ ತಟ್ಟೆಯನ್ನು ಎಳೆದುಕೊಂಡು ತಿನ್ನತೊಡಗಿದರು.

ಗಲಾಟೆಯೆಲ್ಲ ಉಡುಗಿಹೋಯಿತು. ಮಧ್ವರಾಜ ಬೆಂಚಿನ ಹತ್ತಿರ ಧಾವಿಸಿದ.

"ಸಿಸ್ಟರ್, ಏನು ಮಾಡ್ತಿದ್ದೀರಿ?"

"ಮಕ್ಕಳು ತಿಂದಾಗಿದೆ ಮಾರಾಯ್ರೆ. ಏನಾದ್ರೂ ಆಗುವುದಿದ್ರೆ ಅವರೊಟ್ಟಿಗೆ ನನಗೂ ಆಗಲಿ." ಇನ್ನೊಂದು ತುತ್ತು ನುಂಗಿ ಕೇಳಿದರು, "ನೀವು ತಿನ್ನುವುದಿಲ್ವಾ? ನಿಮ್ಮದೇ ಅನ್ನ."

ಸರಕು ತನ್ನದು, ಅಕ್ಕಿ ತಾನೇ ಮೂಸಿ ಆರಿಸಿದ್ದು. ಆದರೂ ಮಧ್ವರಾಜನ ಕೈ ಮೇಲೇಳಲಿಲ್ಲ. ಅಂದಾನಿ ಮಾತ್ರ ಯಾರೂ ಕರೆಯದೆ ಬಂದು, ನೆಲದಲ್ಲಿ ಕೂತು, ಒಂದು ತಟ್ಟೆ ಬಡಿಸಿಕೊಂಡು ಉಂಡ.

ತಟ್ಟೆ ಖಾಲಿಯಾದ ಮೇಲೆ ಸಿಸ್ಟರ್ ಅವನತ್ತ ತಿರುಗಿದರು. "ಮಕ್ಕಳಿಗೆ ಏನು ಹೇಳಿದ್ರಿ? ಅದನ್ನೇ ಇನ್ನೊಮ್ಮೆ ಹೇಳಿ."

"ಎಲಿ ಐತಿ, ತಗದಿಟ್ಟು ತಿನ್ರಿ, ಗಂಟಲಿಗೆ ಚುಚ್ಚತೈತಿ ಅಂದೆ ಅಕ್ಕಾರ. ಬಿರಿಂಜಿಲ ಎಲಿ ಇರುಕ್ಕು, ಅಂತ."

"ಎಲಿ ಅಂದ್ರೆ?"

ಅಂದಾನಿ ತನ್ನ ತಟ್ಟೆಯ ಅಂಚಿನಿಂದ ಉದ್ದನೆಯ ಪಲಾವ್ ಎಲೆಯೊಂದನ್ನು ಎತ್ತಿ ಹಿಡಿದ.

ಆಗ ಮಧ್ವರಾಜನಿಗೆ ಹೊಳೆಯಿತು. ತನ್ನೂರಿನ ಎಲೆ ಗದಗದವರ ಬಾಯಲ್ಲಿ ಎಲಿ. ಆ ಎಲಿ ಮದ್ರಾಸಿನ ಕಿವಿಗೆ ಬಿದ್ದರೆ ಇಲಿ. ತಮಿಳರ ಎಲೆಯೋ, ಇಲೈ. ಹೋಟೆಲು ನಡೆಸುತ್ತ ಮೂರೂ ಮಾತು ಬಲ್ಲವನು ತಾನು. ಕೇಳಿದ್ದರೆ ಗೊತ್ತಾಗುತ್ತಿತ್ತು, ಕೇಳಲಿಲ್ಲ.

ಸಿಸ್ಟರ್ ಎಲೆಯನ್ನು ಹುಡುಗಿಯರಿಗೆ ತೋರಿಸಿ ತಮಿಳಿನಲ್ಲಿ ವಿವರಿಸಿದರು. ಅವರು ನಗಲು ಶುರುಮಾಡಿದಾಗ ಮೆತ್ತನೆ ದನಿಯಲ್ಲೇ, "ನಗುವುದಾದರೆ ನಮ್ಮ ಕಿವಿಗೆ ನಗಿ. ಇವರು ನಿಮ್ಮ ಗಂಟಲಿಗೆ ಚುಚ್ಚಬಾರದು ಅಂತ ಹೇಳಿದ್ದು" ಎಂದರು. ನಗು ನಿಂತಿತು. ಅಂದಾನಿ ಎದ್ದು ತಟ್ಟೆಗಳನ್ನು ಎತ್ತತೊಡಗಿದ.

ಹೊರಡುವ ಮುಂಚೆ ಸಿಸ್ಟರ್ ಮಧ್ವರಾಜನಿಗೆ ಹೇಳಿದ್ದು ಇಷ್ಟೇ: "ರೈಲಿನ ವಿಷಯ ಹೇಳ್ತಿದ್ರಿ. ಯಾರಿಗೆ ಟಿಕೆಟು?"

ಮರುವರ್ಷ ಸಿಸ್ಟರ್‌ಗೆ ಬೇರೆ ಊರಿಗೆ ವರ್ಗವಾಯಿತು. ಅಂದಾನಿ ಈಗ ಮಾಂಬಲಂ ಹೋಟೆಲಿನ ಅಡುಗೆಮನೆಗೆ ಯಜಮಾನ. ದಿನದ ಮೊದಲ ತಟ್ಟೆಯನ್ನು ಮಧ್ವರಾಜ ತಾನೇ ತಿನ್ನುತ್ತಾನೆ, ಆಮೇಲೆ ಗಿರಾಕಿಗಳಿಗೆ. ಅಂದಾನಿ ಉಳಿದದ್ದಕ್ಕೂ ಆ ಮೊದಲ ತಟ್ಟೆಗೂ ಅವನು ಸಿಸ್ಟರ್ ಅಪೊಲಿನ್ ಅವರಿಗೆ ಋಣಿ.